ಪ್ಯಾಡ್ ಇದ್ದರೂ ಕೈಗೆ ಲಗಾಮು ಇರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಓದುಗರೊಬ್ಬರು, ಕರಾಟೆ ಕ್ಲಾಸಿನವರು ಪ್ಯಾಡ್ ಕಟ್ಟಿ ಮಕ್ಕಳನ್ನು ಬೆಣ್ಣೆಮುದ್ದೆ ಮಾಡ್ತಿದ್ದಾರೆ, ಪೆಟ್ಟು ತಿಂದರೇನೇ ವಿದ್ಯೆ ಹತ್ತೋದು ಎಂದು ಬರೆದಿದ್ದರು. ನಾನು ಹಾಗೆ ಪೆಟ್ಟು ತಿಂದವನೇ. ಅದಕ್ಕೇ ಈ ಪತ್ರ.

1984ರಲ್ಲಿ ಕಾರ್ಕಳದಿಂದ ಮುಂಬಯಿಗೆ ಬಂದೆ. ಹಗಲು ಅಲ್ಲಿನ ಫೋರ್ಟ್ ಏರಿಯಾದ ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ, ಬೆಳಗ್ಗೆ ಐದಕ್ಕೆ ಕರಾಟೆ. ಆಗ ಗಾರ್ಡು ಗೀರ್ಡು ಏನೂ ಇರಲಿಲ್ಲ. ಒಂದು ದಿನ ಎದುರಿನವನ ಗುದ್ದು ನೇರ ಬಾಯಿಗೆ ಬಿತ್ತು. ಮುಂದಿನ ಹಲ್ಲು ಅರ್ಧ ಹೋಯಿತು. "ಗಟ್ಟಿಯಾಗ್ತೀಯ ಬಿಡು" ಅಂದರು ಮಾಸ್ಟರು. ಏಳು ಗಂಟೆಗೆ ಊದಿದ ತುಟಿಯಲ್ಲೇ ಇಡ್ಲಿ ಸಪ್ಲೈ ಮಾಡಿದೆ. ಗಟ್ಟಿ ಏನೂ ಆಗಲಿಲ್ಲ. ಆಮೇಲೆ ಆರು ತಿಂಗಳು, ಗುದ್ದು ಬಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಹಾಗಂತ ಪ್ಯಾಡ್ ಕಟ್ಟಿಬಿಟ್ಟರೆ ಎಲ್ಲ ಸರಿ ಅಂತಲ್ಲ. ಈಗ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಸೊಸೈಟಿ ಟೆರೇಸಿನ ಮೇಲೆ ಭಾನುವಾರ ಹನ್ನೆರಡು ಮಕ್ಕಳಿಗೆ ಹೇಳಿಕೊಡುತ್ತೇನೆ. ಹತ್ತು ವರ್ಷದ ಒಬ್ಬ ಹುಡುಗಿ ಚೆಸ್ಟ್ ಗಾರ್ಡ್ ಹಾಕಿದರೆ ಕಂಬದ ಹಾಗೆ ನಿಲ್ಲುತ್ತಿದ್ದಳು. "ಯಾಕಮ್ಮ, ಒದೆ ಬಂದರೂ ಪಕ್ಕಕ್ಕೆ ಸರಿಯೋದಿಲ್ಲ?" ಅಂದೆ. "ನೋಯಲ್ಲ ಅಲ್ವಾ ಸರ್!" ಗಾರ್ಡ್ ಬಿಚ್ಚಿಸಿದೆ. ಎದುರಿನ ಹುಡುಗನಿಗೆ, ಅಂಗಿಗೆ ತಾಗಿದರೆ ಸಾಕು, ಮೈಗೆ ಬೀಳಬಾರದು ಎಂದೆ. ಮೂರನೇ ಒದೆಗೆ ಅವಳ ಎಡಗಾಲು ತಾನಾಗೇ ಹಿಂದೆ ಸರಿಯಿತು, ಮೊಣಕೈ ಪಕ್ಕೆಗೆ ಬಂತು. ಹುಡುಗನ ಕಾಲೂ ಹದಕ್ಕೆ ಬಂತು. ಪ್ಯಾಡ್ ಇದ್ದಾಗ ಅವನು ಅಕ್ಕಿಮೂಟೆಗೆ ಒದ್ದ ಹಾಗೆ ಒದೆಯುತ್ತಿದ್ದ.

ತಲೆಯ ವಿಷಯ ಬೇರೆ. ಹೆಡ್ ಗಾರ್ಡ್ ಇದ್ದರೆ ಹುಬ್ಬು ಒಡೆಯುವುದು ತಪ್ಪುತ್ತದೆ. ಬುರುಡೆಯೊಳಗೆ ಮಿದುಳು ಅಲುಗುವುದು ತಪ್ಪುವುದಿಲ್ಲ. ಆ ಓದುಗರು ಬಾಕ್ಸಿಂಗ್ ಉದಾಹರಣೆ ಕೊಟ್ಟಿದ್ದಾರೆ. ನಿಜ, 2013ರಲ್ಲಿ ಗಂಡಸರ ಅಮೆಚೂರ್ ಬಾಕ್ಸಿಂಗಿನಲ್ಲಿ ಹೆಡ್ ಗಾರ್ಡ್ ತೆಗೆದರು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಗಂಡಸರು ಬರಿತಲೆಯಲ್ಲೇ ಆಡಿದರು. ಆದರೆ ಅದು ಬೆಳೆದವರಿಗೆ. ಹೆಂಗಸರಿಗೂ ಕಿರಿಯರಿಗೂ ತೆಗೆಯಲಿಲ್ಲ. ಇನ್ನು ಅವರು ಹೊಗಳಿದ ಕ್ಯೋಕುಶಿನ್ ಕರಾಟೆಯಲ್ಲಿ ಪ್ಯಾಡಿಲ್ಲದೆ ಜೋರಾಗಿ ಹೊಡೆಯುತ್ತಾರೆ, ಒಪ್ಪಿದೆ. ಮುಖಕ್ಕೆ ಮಾತ್ರ ಮುಷ್ಟಿ ಹಾಕುವಂತಿಲ್ಲ. ಇದನ್ನು ಯಾಕೆ ಬರೆಯಲಿಲ್ಲವೋ!

ನನ್ನ ಹತ್ತಿರ ಮೌತ್ ಗಾರ್ಡ್ ಇಲ್ಲದೆ ಯಾರೂ ಎದುರುಬದುರು ನಿಲ್ಲುವಂತಿಲ್ಲ. ಬೇಡ ಅಂದವರಿಗೆ ನನ್ನ ಅರ್ಧ ಹಲ್ಲು ತೋರಿಸುತ್ತೇನೆ, ಸುಮ್ನೆ ಹಾಕಿಕೊಳ್ಳುತ್ತಾರೆ. ತಲೆಗೆ ಹೊಡೆತ ಇಲ್ಲವೇ ಇಲ್ಲ. ಗಾರ್ಡ್ ಕಟ್ಟಿ ಸ್ವಲ್ಪ ಜೋರಾಗಿ ಒಂದು ಸುತ್ತು, ಬಿಚ್ಚಿ ನಿಧಾನಕ್ಕೆ ಎರಡು ಸುತ್ತು. ಪೂರಾ ಶಕ್ತಿ ಹಾಕಬೇಕು ಅನ್ನಿಸಿದರೆ ಕಿಕ್ ಪ್ಯಾಡ್ ಹಿಡಿದು ನಾನೇ ನಿಲ್ಲುತ್ತೇನೆ. ಅದಕ್ಕಿಂತ ಜಾಸ್ತಿ ಪೆಟ್ಟು ಬೇಕಾದವರಿಗೆ ಬೆಳಗ್ಗೆ ಎಂಟರ ಲೋಕಲ್ ಟ್ರೇನ್ ಇದ್ದೇ ಇದೆ, ಅಲ್ಲಿ ಪ್ಯಾಡೂ ಇಲ್ಲ, ರೂಲೂ ಇಲ್ಲ.

ಆ ಓದುಗರು ಒಂದು ಭಾನುವಾರ ನಮ್ಮ ಟೆರೇಸಿಗೆ ಬರಲಿ. ಚಹಾ ನನ್ನ ಲೆಕ್ಕದಲ್ಲಿ.

— ಹಳೇ ಕರಾಟೆ ವಿದ್ಯಾರ್ಥಿ, ಡೊಂಬಿವಲಿ ಪೂರ್ವ