ಪಾದ ನೋಡಿದವರಿಗೆ, ಕಡತ ನೋಡಿದವರಿಗೆ

ಸೈನ್ಯದಲ್ಲಿ ನಮ್ಮ ಬ್ಯಾಚಿನ ಸೇವಾವಧಿ ಮುಗಿಯಿತು. ಶುಭ ಹಾರೈಸಿದ ಎಲ್ಲರಿಗೂ ನಮಸ್ಕಾರ. ಆದರೆ ಈ ಬರಹ ಮುಖ್ಯವಾಗಿ ಪದಕದ ಪಟ್ಟಿಯಲ್ಲಿ ಹೆಸರು ಬಾರದ ಕೆಲವರಿಗೆ. ಸೈನ್ಯದ ವೃತ್ತಿ ಎಂದರೆ ಧೈರ್ಯದ ವಿಷಯ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಬೆಳಗಾದರೆ ಅಲ್ಲಿ ನಡೆಯುವುದು ತಪಾಸಣೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಬೇಕು, ತಪ್ಪಿದ್ದರೆ ಅಲ್ಲೇ ತಿದ್ದಿಸಬೇಕು. ಹಾಗೆ ನೋಡಿದವರ ಋಣ ನಮ್ಮ ಮೇಲಿದೆ.

ಮೊದಲ ನಮಸ್ಕಾರ ಸಣ್ಣ ತುಕಡಿಗಳ ಮುಖಂಡರಾದ ಸೆಕ್ಷನ್ ಕಮಾಂಡರ್‌ಗಳಿಗೆ, ಕೂತಲ್ಲಿ ಬೂಟು ಬಿಚ್ಚಿಸಿ ಪಾದ ನೋಡಿದ್ದಕ್ಕೆ. ಮಾರ್ಚ್ ಹೊರಟ 15–20 ನಿಮಿಷಕ್ಕೆ ಮೊದಲ ನಿಲುಗಡೆ ಬೇಕು. ಅಷ್ಟರಲ್ಲಿ ಕಾಲು ಬೂಟಿನೊಳಗೆ ಇಳಿದು ಲೇಸು ಸಡಿಲಾಗಿರುತ್ತದೆ. ಬಿಚ್ಚಿ, ಕಾಲುಚೀಲದ ನೆರಿಗೆ ಎಳೆದು ಸರಿಮಾಡಿ ಮತ್ತೆ ಬಿಗಿಯಬೇಕು. ಆಮೇಲೆ ಗಂಟೆಗೆ 10 ನಿಮಿಷ. ಹಿಮ್ಮಡಿ ಉರಿಯತೊಡಗಿದ ಕೂಡಲೇ ಟೇಪು ಅಂಟಿಸಿದರೆ ಹೆಚ್ಚಿನ ಬೊಬ್ಬೆಗಳು ಏಳುವುದೇ ಇಲ್ಲ. ‘ಮುಂದಿನ ನಿಲುಗಡೆಯಲ್ಲಿ ನೋಡಿದರಾಯ್ತು’ ಎಂದರೆ ಬೊಬ್ಬೆ ಏಳುತ್ತದೆ, ನೋವು ತಪ್ಪಿಸಲು ಹೆಜ್ಜೆ ಓರೆಯಾಗುತ್ತದೆ, ಸಂಜೆಗೆ ಮೊಣಕಾಲು ಹಿಡಿಯುತ್ತದೆ. ಎದ್ದ ಬೊಬ್ಬೆಯ ಮೇಲಿನ ಚರ್ಮ ಕೀಳಬಾರದು, ಅದೇ ಅದಕ್ಕೆ ಸಿಗುವ ಒಳ್ಳೆಯ ಪಟ್ಟಿ. ಹೊಸ ಬೂಟಿನ ಅಳತೆಯನ್ನು ಸಂಜೆ ನೋಡಿ ಎಂದವರೂ ಇವರೇ. ದಿನವಿಡೀ ನಿಂತ ಪಾದ ಸಂಜೆಗೆ ಊದಿರುತ್ತದೆ. ಬೆಳಿಗ್ಗೆ ಸರಿಹೋದ ಬೂಟು ಇಳಿಜಾರಿನಲ್ಲಿ ಹೆಬ್ಬೆರಳ ಉಗುರನ್ನು ಕಪ್ಪು ಮಾಡುತ್ತದೆ.

ಎರಡನೆಯ ನಮಸ್ಕಾರ ವೈದ್ಯಕೀಯ ಸಹಾಯಕರಿಗೆ, ಮುಖ್ಯವಾಗಿ ‘ನೀನು ನಾಳೆ ಓಡುವುದಿಲ್ಲ’ ಎಂದವರಿಗೆ. ಆ ಮಾತು ಕೇಳಿದ ಹೊಸಬನಿಗೆ ಸಿಟ್ಟು ಬರುತ್ತದೆ, ನಂತರ ಸೇರಿದ ಬ್ಯಾಚಿಗೆ ತಳ್ಳಿಬಿಡುತ್ತಾರೆಂಬ ಭಯ. ಆದರೆ ತರಬೇತಿಯ ಮೊದಲ ವಾರಗಳಲ್ಲಿ ಸ್ನಾಯು ಬೇಗ ಬಲಿಯುತ್ತದೆ, ಮೂಳೆ ನಿಧಾನ. ಹೊರೆ ಹೆಚ್ಚಿದಾಗ ಮೂಳೆ ಮೊದಲು ಹಳೆಯದನ್ನು ಕರಗಿಸಿಕೊಂಡು ಆಮೇಲೆ ಹೊಸದನ್ನು ಕಟ್ಟುತ್ತದೆ. ಈ ನಡುವಿನ ದಿನಗಳಲ್ಲೇ ಪಾದದ ಎರಡನೆಯ, ಮೂರನೆಯ ಉದ್ದ ಮೂಳೆಗಳಲ್ಲಿ ಕೂದಲೆಳೆಯ ಬಿರುಕು ಬೀಳುವುದು. 1855ರಲ್ಲೇ ಪ್ರಶ್ಯದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ ಮಾರ್ಚ್ ಮಾಡಿದ ಸೈನಿಕರ ಊದಿದ ಪಾದಗಳ ಬಗ್ಗೆ ಬರೆದರು. ಒಳಗಿನ ಬಿರುಕು ಕಣ್ಣಿಗೆ ಬಿದ್ದದ್ದು 1895ರಲ್ಲಿ ಎಕ್ಸ್‌ರೇ ಬಂದ ಮೇಲೆ. ಈಗಲೂ ಮೊದಲ ಎರಡು-ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಬೆರಳಿಟ್ಟು ಒತ್ತಿದರೆ ಒಂದೇ ಜಾಗದಲ್ಲಿ ಚುಚ್ಚುವ ನೋವು, ಓಡಿದರೆ ಹೆಚ್ಚು, ಕೂತರೆ ಕಡಿಮೆ. ಇದನ್ನು ಬೆರಳಲ್ಲೇ ಹಿಡಿದ ಸಹಾಯಕರು ಆರೆಂಟು ವಾರದ ವಿಶ್ರಾಂತಿ ಕೊಡಿಸಿ ಇಡೀ ವೃತ್ತಿ ಉಳಿಸಿದ್ದಾರೆ.

ಬಿಸಿಲಿನ ವಿಷಯದಲ್ಲೂ ಅವರೇ ಹಟ ಹಿಡಿದರು. ಬಿಸಿ ಪ್ರದೇಶಕ್ಕೆ ಹೊಸದಾಗಿ ಬಂದ ದೇಹ ಒಗ್ಗಲು 10ರಿಂದ 14 ದಿನ ಬೇಕು; ಮೊದಲ ದಿನವೇ ಪೂರ್ತಿ ಹೊರೆ ಹೊರಿಸಿದರೆ ಗಟ್ಟಿಗನೂ ಬೀಳುತ್ತಾನೆ. ನೀರು ಹೆಚ್ಚಾದರೂ ಅಪಾಯ. ಗಂಟೆಗೆ ಒಂದೂವರೆ ಲೀಟರ್ ಮೀರಿ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ತೆಳುವಾಗಿ ವಾಂತಿ, ಗೊಂದಲ, ಫಿಟ್ಸ್ ಬರಬಹುದು. ಬಿಸಿಲಲ್ಲಿ ದುಡಿದವನು ಮೈ ಕಾದು ತಡಬಡ ಮಾತಾಡುತ್ತಿದ್ದರೆ ಆಂಬುಲೆನ್ಸ್ ಕರೆಯಿರಿ, ಆದರೆ ಅದು ಬರಲಿ ಎಂದು ಕಾಯದೆ ಅಲ್ಲೇ ತಣ್ಣೀರಿನ ತೊಟ್ಟಿಗಿಳಿಸಿ. ಮೊದಲು ತಂಪು, ಆಮೇಲೆ ಸಾಗಾಟ.

ಶಸ್ತ್ರಾಗಾರದವರಿಗೆ ಬೇರೆಯೇ ಸಾಲ. ಬಂದೂಕು ಖಾಲಿ ಮಾಡುವಾಗ ಮ್ಯಾಗಜಿನ್ (ಗುಂಡು ತುಂಬಿದ ಡಬ್ಬಿ) ಮೊದಲು ತೆಗೆಯಬೇಕು; ಕಾಕ್ ಮಾಡುವುದು, ಅಂದರೆ ಗುಂಡು ತಳ್ಳುವ ಬೋಲ್ಟನ್ನು ಹಿಂದಕ್ಕೆಳೆದು ಬಿಡುವುದು, ಆಮೇಲೆ. ಈ ಎರಡು ಅದಲುಬದಲಾದರೆ ಕಾಕ್ ಮಾಡಿದಾಗ ನಳಿಗೆಯ ಬುಡದ ಚೇಂಬರ್‌ನಲ್ಲಿದ್ದ ಗುಂಡು ಹೊರಬಿದ್ದು, ಬೋಲ್ಟ್ ಮುಂದೆ ಹೋಗುವಾಗ ಮ್ಯಾಗಜಿನ್‌ನಿಂದ ಇನ್ನೊಂದನ್ನು ಒಳಗೆ ತಳ್ಳುತ್ತದೆ. ಆಗ ಮ್ಯಾಗಜಿನ್ ತೆಗೆದವನು ಖಾಲಿಯಾಯಿತೆಂದು ನಂಬಿ ಟ್ರಿಗರ್ ಎಳೆಯುತ್ತಾನೆ. ಇದು ಅಜ್ಞಾನದಿಂದ ಆಗುವುದಕ್ಕಿಂತ ರಾತ್ರಿ ಪಾಳಿ ಮುಗಿದ ದಣಿವಿನಲ್ಲಿ ಆಗುವುದೇ ಹೆಚ್ಚು. ಅದಕ್ಕೇ ಎಷ್ಟೇ ಹಿರಿಯರು ಬಂದರೂ ‘ಚೇಂಬರ್ ನೋಡಿದ್ರಾ? ಬೆರಳಿಟ್ಟು ನೋಡಿದ್ರಾ?’ ಎಂದು ಕೇಳುವವರು ಬೇಕು. ಫೈರಿಂಗ್ ರೇಂಜಿನಲ್ಲಿ ಕಿವಿಯ ಫೋಮ್ ಬಿರಡೆಯನ್ನು ಉರುಟಿ ತೆಳ್ಳಗೆ ಮಾಡಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಊದಿಕೊಳ್ಳುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಲು ಕಲಿಸಿದ ಉಸ್ತಾದರಿಗೂ ವಂದನೆ. ಒಳಗಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಇನ್ನು ಗುಮಾಸ್ತರು. ಹೊಸಬರು ಕಚೇರಿಯ ಕಡೆ ತಲೆ ಹಾಕುವುದೇ ಇಲ್ಲ, ಅದು ದೊಡ್ಡ ತಪ್ಪು. ಬಡ್ತಿ, ಕೋರ್ಸು, ಪಿಂಚಣಿ ಎಲ್ಲವೂ ನಿಲ್ಲುವುದು ಸೇವಾ ದಾಖಲೆಯ ಮೇಲೆ. ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ ಎಲ್ಲ ಕಾಗದದಲ್ಲೂ ಒಂದೇ ಇರಬೇಕು. ಒಂದಕ್ಷರದ ವ್ಯತ್ಯಾಸ ಸೇರಿದ ವರ್ಷ ಅರ್ಧ ದಿನದ ಕೆಲಸ, ನಿವೃತ್ತಿಯ ವರ್ಷ ತಿಂಗಳುಗಟ್ಟಲೆ ಓಡಾಟ. ಮದುವೆಯಾದ ಕೂಡಲೇ ನಾಮನಿರ್ದೇಶನ (ತಾನು ಸತ್ತರೆ ಹಣ ಯಾರಿಗೆ ಎಂಬ ಬರಹ) ಬದಲಿಸದಿದ್ದರೆ ಹಣ ಹಳೆಯ ಹೆಸರಿನ ಹಿಂದೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಗಾಯದ ವರದಿ. ಮೊಣಕಾಲು ಉಳುಕಿದ ದಿನ ಎಲ್ಲಿ, ಯಾವ ಕೆಲಸದಲ್ಲಿ, ಯಾರ ಎದುರು ಎಂದು ಬರೆಸದಿದ್ದರೆ, ಇಪ್ಪತ್ತು ವರ್ಷ ಕಳೆದು ಅದೇ ಮೊಣಕಾಲು ಸವೆದಾಗ ಸೇವೆಯಿಂದಲೇ ಆದದ್ದೆಂದು ತೋರಿಸುವುದು ಬಹಳ ಕಷ್ಟ. ‘ಸಣ್ಣ ಗಾಯ, ಬಿಡಿ ಸಾರ್’ ಎಂದವರನ್ನು ಕೂರಿಸಿ ಬರೆಸಿಕೊಂಡ ಗುಮಾಸ್ತರೇ, ನಿಮ್ಮ ಆ ಒಂದು ಹಾಳೆಯ ಬೆಲೆ ನಮಗೆ ಈಗ ಗೊತ್ತಾಗುತ್ತಿದೆ.

ಕೊನೆಗೆ ಮನೆಯವರಿಗೆ. ಪ್ರತಿ ವರ್ಗಾವಣೆಗೂ ಮಕ್ಕಳ ಶಾಲೆ, ಗ್ಯಾಸು, ಬ್ಯಾಂಕು, ವಿಳಾಸ ಎಲ್ಲವನ್ನೂ ಹೊಸದಾಗಿ ಶುರು ಮಾಡಿದವರು ನೀವು. ಪ್ರತಿಯೊಂದು ಆದೇಶದ, ವೈದ್ಯಕೀಯ ಚೀಟಿಯ ಎರಡನೆಯ ಪ್ರತಿ ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ದಿನಾಂಕದ ಕ್ರಮದಲ್ಲಿ ಉಳಿದಿರುವುದು ನಿಮ್ಮಿಂದ. ಪಿಂಚಣಿ ಅರ್ಜಿಗೆ ಈಗ ಹಾಳೆ ಹಾಳೆಯಾಗಿ ತೆಗೆಯುತ್ತಿರುವುದು ಅದನ್ನೇ.