ಎಐ ಹೇಳಿದ ಔಷಧಿ: ಹೊಣೆ ಯಾರದ್ದು?

ಮಾನ್ಯರೇ,

ಬೆಳೆಗೆ ಯಾವ ಔಷಧಿ, ಎಷ್ಟು ಹೊಡೆಯಬೇಕು ಎಂಬುದನ್ನೂ ಈಗ ಮೊಬೈಲಿನ ಎಐ ಹೇಳುತ್ತಿದೆ. ತಪ್ಪಾದರೆ ಹೊಣೆ ಯಾರದ್ದು ಎಂಬುದು ಮಾತ್ರ ಗೊತ್ತಿಲ್ಲ. ಮೊನ್ನೆ ದಾವಣಗೆರೆಯ ಗೊಬ್ಬರದಂಗಡಿಯೊಂದರಲ್ಲಿ ನಮ್ಮ ಮೆಕ್ಕೆಜೋಳದ ಸುಳಿ ತೋರಿಸಿದೆ. ಅಂಗಡಿಯ ಹುಡುಗ ಫೋಟೊ ತೆಗೆದು ಎಐಗೆ ಹಾಕಿದ. ಉತ್ತರ ಬಂತು, ಅಚ್ಚುಕಟ್ಟಾದ ಕನ್ನಡದಲ್ಲೇ! ಆದರೆ ಅದು ಹೇಳಿದ ಪ್ರಮಾಣ ಡಬ್ಬಿಯ ಮೇಲೆ ಬರೆದಿದ್ದಕ್ಕಿಂತ ದುಪ್ಪಟ್ಟು. ಕನ್ನಡಕ ಮರೆತು ಹೋಗಿದ್ದರೆ ಹಾಗೇ ಹೊಡೆದುಬಿಡುತ್ತಿದ್ದೆ.

ಎಐ ಬೇಡ ಎನ್ನುತ್ತಿಲ್ಲ. 2018ರಲ್ಲಿ ಮೆಕ್ಕೆಜೋಳ ತಿನ್ನುವ ಫಾಲ್ ಸೈನಿಕ ಹುಳು ಮೊದಲ ಸಲ ಬಂದಾಗ ಅದೇನೆಂದು ತಿಳಿಯದೆ ಒದ್ದಾಡಿದವರು ನಾವು. ಆಗ ಇದಿದ್ದರೆ ಹುಳುವಿನ ಹೆಸರಾದರೂ ಗೊತ್ತಾಗುತ್ತಿತ್ತೇನೋ. ಆದರೆ ಇದು ಗೊತ್ತಿಲ್ಲದ್ದನ್ನೂ ಗೊತ್ತಿದ್ದಂತೆಯೇ ಹೇಳುತ್ತದೆ. ತೊಂದರೆ ಇರುವುದು ಅಲ್ಲೇ ಅಲ್ವಾ? ಕೀಟನಾಶಕ ಮಾರಲು 1968ರ ಕೀಟನಾಶಕ ಕಾಯ್ದೆಯಡಿ ಲೈಸೆನ್ಸ್ ಬೇಕು. ಹಾಗಾಗಿ ಎಐ ಮಾತು ಕೇಳಿ ಕೊಟ್ಟರೂ ಹೊಣೆ ಲೈಸೆನ್ಸ್ ಇರುವ ಅಂಗಡಿಯವರದ್ದೇ ಆಗಬೇಕು.

ಅಂಗಡಿಯವರು ಎಐ ಕೇಳಿ ಔಷಧಿ ಕೊಟ್ಟರೆ ಅದನ್ನು ಬಿಲ್ಲಿನಲ್ಲೇ ಬರೆಯಲಿ. ಪ್ರಮಾಣವನ್ನು ಲೇಬಲ್ ಜೊತೆ ತಾಳೆ ನೋಡಿ ಸಹಿ ಹಾಕಲಿ. ಮುಂದಿನ ಮುಂಗಾರಿಗೆ ಮೊದಲೇ ಕೃಷಿ ಇಲಾಖೆ ಈ ನಿಯಮ ತರಲಿ, ಅನುಮಾನ ಬಂದರೆ ಕೇಳಲು ರೈತ ಸಂಪರ್ಕ ಕೇಂದ್ರದ ಫೋನ್ ನಂಬರನ್ನು ಪ್ರತಿ ಅಂಗಡಿಯಲ್ಲೂ ಹಾಕಿಸಲಿ.

– ಮೆಕ್ಕೆಜೋಳ ಬೆಳೆಗಾರ, ದಾವಣಗೆರೆ ತಾಲ್ಲೂಕು