ಓಡಿದರೆ ಸಿಗುತ್ತೆ ಅಂದೆಯಲ್ಲ

ಗೆಳೆಯಾ,

ನೀನು ಕಳಿಸಿದ ಟಿಕೆಟ್ ನೋಡಿದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಷಿಕಾಗೋ, ಷಿಕಾಗೋದಿಂದ ಮ್ಯಾಡಿಸನ್. ಮಗಳ ಕಾನ್ವೊಕೇಷನ್‌ಗೆ ಗಂಡ ಹೆಂಡತಿ ಇಬ್ಬರೂ ಹೊರಟಿದ್ದೀರಿ ಅಂತ ಖುಷಿಯಾಯಿತು. ಆದರೆ ಷಿಕಾಗೋದಲ್ಲಿ ನಿಮಗೆ ಸಿಗುವ 1 ಗಂಟೆ 40 ನಿಮಿಷ ನೋಡಿ ಹೊಟ್ಟೆ ಕಲಸಿದಂತಾಯಿತು. "ಓಡಿದರೆ ಸಿಗುತ್ತೆ ಬಿಡು" ಅಂತ ಬೇರೆ ಬರೆದಿದ್ದೀಯ. ಮೆಜೆಸ್ಟಿಕ್‌ನಲ್ಲಿ ಹೊರಟ ಬಸ್ಸು ಹತ್ತಿದ ಕಾಲು ನಿನ್ನದು, ಗೊತ್ತು. ಷಿಕಾಗೋದಲ್ಲಿ ಓಡುವ ಜಾಗವೇ ಇಲ್ಲ ಮಾರಾಯ. ಇರುವುದೆಲ್ಲ ನಿಲ್ಲುವ ಜಾಗ.

2024ರ ಮೇ ತಿಂಗಳಲ್ಲಿ ಅಮ್ಮನನ್ನು ಕರಕೊಂಡು ಅಕ್ಕನ ಮನೆಗೆ ಹೋಗಿದ್ದೆನಲ್ಲ, ಇದೇ ದಾರಿ. ನಮಗೆ 1 ಗಂಟೆ 55 ನಿಮಿಷ ಇತ್ತು. ನಿನಗಿಂತ ಕಾಲು ಗಂಟೆ ಜಾಸ್ತಿ. ಆದರೂ ವಿಮಾನ ತಪ್ಪಿತು. ಹೇಗೆ ತಪ್ಪಿತು ಅಂತ ಯಾರಿಗೂ ಪೂರ್ತಿ ಹೇಳಿಲ್ಲ, ನಾಚಿಕೆ. ನಿನಗೆ ಹೇಳುತ್ತೇನೆ.

ಮೊದಲನೇ ತಪ್ಪು ಸೂಟ್‌ಕೇಸಿನ ಟ್ಯಾಗ್ ನಂಬಿದ್ದು. ಬೆಂಗಳೂರಿನ ಕೌಂಟರಿನಲ್ಲಿ ಕಟ್ಟಿದ ಚೀಟಿಯ ಮೇಲೆ ದಪ್ಪಕ್ಷರದಲ್ಲಿ 'ಎಂಎಸ್‌ಎನ್' ಅಂತ ಇತ್ತು, ಅಂದರೆ ಮ್ಯಾಡಿಸನ್. ಸರಿ, ಪೆಟ್ಟಿಗೆ ಅಲ್ಲೇ ಸಿಗುತ್ತೆ ಅಂದುಕೊಂಡೆ. ಫ್ರಾಂಕ್‌ಫರ್ಟ್‌ನಲ್ಲಿ ಹಾಗೇ ಆಯಿತು, ಪೆಟ್ಟಿಗೆ ಕಣ್ಣಿಗೂ ಬೀಳಲಿಲ್ಲ. ಆದರೆ ಅಮೆರಿಕದ ಲೆಕ್ಕ ಬೇರೆ. ಆ ದೇಶದಲ್ಲಿ ಮೊದಲು ಯಾವ ಊರಲ್ಲಿ ಇಳಿಯುತ್ತೀಯೋ ಅಲ್ಲೇ ಇಮಿಗ್ರೇಷನ್ ಆಗಬೇಕು. ಬೆಲ್ಟಿನಿಂದ ನಿನ್ನ ಪೆಟ್ಟಿಗೆ ನೀನೇ ಎತ್ತಿಕೊಳ್ಳಬೇಕು, ಕಸ್ಟಮ್ಸ್ ದಾಟಬೇಕು, ಮತ್ತೆ ಮುಂದಿನ ವಿಮಾನಕ್ಕೆ ಒಪ್ಪಿಸಬೇಕು. ಆಮೇಲೆ ಇನ್ನೊಂದು ಸಲ ಸೆಕ್ಯುರಿಟಿ. ಅಲ್ಲಿ ಸುಮ್ನೆ ವಿಮಾನ ಬದಲಿಸಿ ಬೇರೆ ದೇಶಕ್ಕೆ ಹೋಗುವವನಿಗೂ ಇಮಿಗ್ರೇಷನ್ ತಪ್ಪಿದ್ದಲ್ಲ. 2025ರಲ್ಲಿ ಲಂಡನ್‌ನಿಂದ ಡಲ್ಲಾಸ್‌ಗೆ ಹೋಗುವ ಕೆಲವರಿಗೆ ಈ ಪೆಟ್ಟಿಗೆ ಎತ್ತುವ ಕೆಲಸ ಬಿಟ್ಟುಕೊಟ್ಟಿದ್ದಾರೆ. ನಿನ್ನ ದಾರಿಗೆ ಅದಿಲ್ಲ.

ನಾವು ಇಳಿಯಬೇಕಾದದ್ದು 1.15ಕ್ಕೆ, ಇಳಿದದ್ದು 1.40ಕ್ಕೆ. ಬಾಗಿಲು ತೆರೆದು, ಹಿಂದಿನ ಸಾಲಿನ ನಾವು ಹೊರಬರುವಾಗ 1.55. ಮ್ಯಾಡಿಸನ್ ವಿಮಾನ 3.10ಕ್ಕೆ. ಟೈಮಿದೆ ಅಲ್ವಾ ಅನಿಸುತ್ತೆ. ಆದರೆ ಬಾಗಿಲು ಸಾಮಾನ್ಯವಾಗಿ 15 ನಿಮಿಷ ಮುಂಚೆಯೇ ಮುಚ್ಚುತ್ತಾರೆ. ಹಾಗಾಗಿ 2.55 ಅಂತಲೇ ಲೆಕ್ಕ ಹಾಕಬೇಕಿತ್ತು. ನಾನು ಹಾಕಿರಲಿಲ್ಲ.

ಇಮಿಗ್ರೇಷನ್ ಸಾಲು ಹಗ್ಗ ಕಟ್ಟಿದ ಹಾವಿನ ಥರ ತಿರುಗಿ ತಿರುಗಿ ಹೋಗುತ್ತೆ. ಎರಡು ಮೂರು ದೊಡ್ಡ ವಿಮಾನ ಒಟ್ಟಿಗೆ ಬಂದಿದ್ದವು. ಎದುರು ಸಾಲಿನ ಅದೇ ಮುಖಗಳು ಐದು ನಿಮಿಷಕ್ಕೊಮ್ಮೆ ಪಕ್ಕದಲ್ಲೇ ಹಾದು ಹೋಗುತ್ತವೆ, ಒಂದು ಹಂತದಲ್ಲಿ ನಗುವುದಕ್ಕೂ ಶುರುಮಾಡಿದೆವು. ಬೆರಳಚ್ಚು, ಫೋಟೊ, ಎಷ್ಟು ದಿನ, ಯಾರ ಮನೆ, ಇಷ್ಟೇ. ಅಕ್ಕನ ವಿಳಾಸ ಫೋನಿನಲ್ಲಿತ್ತು, ಫೋನು ಚಾರ್ಜಿಲ್ಲದೆ ಸತ್ತಿತ್ತು. ಅಮ್ಮನ ವ್ಯಾನಿಟಿ ಬ್ಯಾಗಿನಲ್ಲಿ ಒಂದು ಹಳೇ ಲಗ್ನಪತ್ರಿಕೆಯ ಹಿಂದೆ ವಿಳಾಸ ಬರೆದಿತ್ತು. ಬಚಾವ್. ನೀನು ಕಾಗದದಲ್ಲಿ ಬರಕೋ. ಹೊರಬಂದಾಗ 2.30.

ಈಗ ಬೆಲ್ಟು. ನಮ್ಮದು ಮೂರು ಪೆಟ್ಟಿಗೆ. ಎರಡು ಸಿಕ್ಕಿದವು. ಮೂರನೆಯದು, ಅಮ್ಮನ ಆ ಹಸಿರು ವಿಐಪಿ, ಇಲ್ಲ. ಬೆಲ್ಟು ಸುತ್ತುತ್ತಲೇ ಇದೆ, ಒಂದು ಅನಾಥ ಗಿಟಾರಿನ ಡಬ್ಬಿ ನಾಲ್ಕನೇ ಸಲ ಬಂತು. ನಾನು ರಬ್ಬರ್ ಪರದೆಯ ಕಡೆಯೇ ಕಣ್ಣು ನೆಟ್ಟು ನಿಂತಿದ್ದೇನೆ. ಹನ್ನೆರಡು ನಿಮಿಷ ಆದ ಮೇಲೆ ಅಮ್ಮ ನನ್ನ ಶರ್ಟು ಜಗ್ಗಿ, "ಅದು ನಮ್ಮದೇ ಅಲ್ವೇನೋ?" ಅಂದಳು. ತಿರುಗಿ ನೋಡಿದರೆ ನನ್ನ ಬೆನ್ನ ಹಿಂದೆಯೇ, ಗೋಡೆಗೆ ಒರಗಿಸಿದ ಇಪ್ಪತ್ತು ಪೆಟ್ಟಿಗೆಗಳ ಸಾಲಿನಲ್ಲಿ ನಿಂತಿದೆ! ಜನ ಇಮಿಗ್ರೇಷನ್‌ನಲ್ಲಿ ತಡವಾದರೆ ಬೆಲ್ಟು ತುಂಬಬಾರದು ಅಂತ ಅಲ್ಲಿನ ಕೆಲಸದವರು ಪೆಟ್ಟಿಗೆ ಇಳಿಸಿ ಪಕ್ಕಕ್ಕೆ ಜೋಡಿಸಿಬಿಡುತ್ತಾರೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನೀನು ಹೋದ ತಕ್ಷಣ ಮೊದಲು ನೆಲ ನೋಡು, ಆಮೇಲೆ ಬೆಲ್ಟು ನೋಡು.

2.44. ಇನ್ನೂ ಆಸೆ ಇತ್ತು. ಹೊರಗೆ ಹೋಗುವ ದಾರಿಯಲ್ಲಿ ಒಬ್ಬ ಆಫೀಸರು ನಿಲ್ಲಿಸಿ, ತಿನ್ನುವ ಸಾಮಾನು ಏನಾದರೂ ಇದೆಯಾ ಅಂತ ಕೇಳಿದ. ನಾನು ಚಟ್ನಿಪುಡಿ, ಹುರಿಗಾಳು, ಕೋಡುಬಳೆ ಅಂತ ನನ್ನ ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದೆ. ಅಮ್ಮ ಮಧ್ಯದಲ್ಲಿ, "ಕರಿಬೇವು ಇದೆ ಅಂತಾನೂ ಹೇಳು" ಅಂದಳು. ಯಾವಾಗ ಇಟ್ಟಳೋ! ಹೊರಡುವ ದಿನ ಬೆಳಗ್ಗೆ ಹಿತ್ತಲಿನಿಂದ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಎರಡು ಸೀರೆಗಳ ನಡುವೆ ಮಲಗಿಸಿದ್ದಾಳೆ. ಆಫೀಸರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ, ಹೇಳಿದೆ. ನಮ್ಮನ್ನು ಪಕ್ಕದ ಎಕ್ಸ್‌ರೇ ಕಡೆ ತಿರುಗಿಸಿದರು.

ಅಲ್ಲಿದ್ದ ಹೆಂಗಸು ಕೈಗವಸು ಹಾಕಿಕೊಂಡು ಅಮ್ಮನ ಸೀರೆಗಳನ್ನು ಮಡಿಕೆ ಕೆಡದಂತೆ ಎತ್ತಿಟ್ಟು, ಕರಿಬೇವಿನ ಗಂಟು ತೆಗೆದುಕೊಂಡಳು. ಕರಿಬೇವು ನಿಂಬೆ, ಕಿತ್ತಳೆಯ ನೆಂಟ. ಅದರ ಮೇಲೆ ಕೂರುವ ಒಂದು ಸಣ್ಣ ಹುಳು ಕಿತ್ತಳೆ ಗಿಡಕ್ಕೆ ರೋಗ ಹಬ್ಬಿಸುತ್ತೆ. ಆ ರೋಗ 2005ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡು ಅಲ್ಲಿನ ಕಿತ್ತಳೆ ತೋಟಗಳನ್ನೇ ಹಾಳುಗೆಡವಿತು. ಅವರ ಭಯಕ್ಕೆ ಅರ್ಥ ಇದೆ, ಬೈಯಲಾರೆ. ಅಕ್ಕಿಯೂ ಅಷ್ಟೇ, ಖಾಪ್ರಾ ಅನ್ನುವ ದುಂಬಿಯ ಕಾರಣಕ್ಕೆ ನಮ್ಮೂರಿನ ಅಕ್ಕಿ ಒಯ್ಯುವಂತಿಲ್ಲ. ನಾವೇ ಬಾಯಿಬಿಟ್ಟು ಹೇಳಿದ್ದರಿಂದ ದಂಡ ಹಾಕಲಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದಿದ್ದರೆ ಬೇರೆ ಕಥೆ. ಅಲ್ಲಿಂದ ಪೆಟ್ಟಿಗೆ ಮುಚ್ಚಿ ಹೊರಟಾಗ ಗಡಿಯಾರ 2.56 ತೋರಿಸುತ್ತಿತ್ತು. ನೋಡು, ಓಡುವ ಪ್ರಮೇಯವೇ ಬರಲಿಲ್ಲ.

ಆಮೇಲೆ ಗಾಬರಿ ಏನಿರಲಿಲ್ಲ. ಕಸ್ಟಮ್ಸ್ ದಾಟಿದ ತಕ್ಷಣ ಪೆಟ್ಟಿಗೆ ಒಪ್ಪಿಸುವ ಜಾಗದ ಪಕ್ಕದಲ್ಲೇ ಕೌಂಟರ್ ಇತ್ತು. ಬೆಂಗಳೂರಿನಿಂದ ಮ್ಯಾಡಿಸನ್‌ವರೆಗೆ ಒಂದೇ ಟಿಕೆಟ್ ಆಗಿದ್ದರಿಂದ ಒಂದು ಪೈಸೆ ಕೇಳದೆ ಸಂಜೆ 7.40ರ ವಿಮಾನಕ್ಕೆ ಹಾಕಿಕೊಟ್ಟರು. ನನ್ನ ಮುಂದಿದ್ದ ಹುಡುಗ ದುಡ್ಡು ಉಳಿಸಲು ಎರಡು ಬೇರೆ ಬೇರೆ ಟಿಕೆಟ್ ತೆಗೆದಿದ್ದ. ಎರಡನೆಯದು ಹೋಯಿತು, ಹೊಸದು ತಗೋ ಅಂದರು. ಅವನ ಮುಖ ಈಗಲೂ ನೆನಪಿದೆ. ನಿನ್ನದು ಒಂದೇ ಟಿಕೆಟ್ಟಾ ಅಂತ ಇನ್ನೊಮ್ಮೆ ನೋಡಿಕೋ.

ಮ್ಯಾಡಿಸನ್‌ಗೆ ಆ ಏರ್‌ಪೋರ್ಟಿನಿಂದಲೇ ಬಸ್ಸಿದೆ, ಹೆಚ್ಚುಕಮ್ಮಿ ಮೂರು ಗಂಟೆ ದಾರಿ. ಕಾಯುವ ಬದಲು ಅದನ್ನೇ ಹತ್ತೋಣ ಅಂತ ಅಕ್ಕನಿಗೆ ಅಮ್ಮನ ಫೋನಿನಿಂದ ಹೇಳಿದೆ. ಅವಳು ಕಿರುಚಿಬಿಟ್ಟಳು. ನಡುವಿನ ಒಂದು ವಿಮಾನ ಹೇಳದೆ ಬಿಟ್ಟರೆ ಮುಂದಿನದೆಲ್ಲ, ವಾಪಸ್ ಬರುವ ಟಿಕೆಟ್ ಸಮೇತ, ರದ್ದಾಗಬಹುದಂತೆ. ತೆಪ್ಪಗೆ ಅಲ್ಲಿನ ಪುಕ್ಕಟೆ ರೈಲು ಹತ್ತಿ ಐದನೇ ಟರ್ಮಿನಲ್‌ನಿಂದ ಒಂದನೇ ಟರ್ಮಿನಲ್‌ಗೆ ಹೋದೆವು. ಸೆಕ್ಯುರಿಟಿಯಲ್ಲಿ ಅಮ್ಮ ಚಪ್ಪಲಿ ಬಿಟ್ಟು, ದೇವಸ್ಥಾನದ ಥರ ಮೂಲೆಗಿಟ್ಟು ಮುಂದೆ ಹೋದಳು. ನಾನು ಓಡಿಹೋಗಿ ಟ್ರೇಗೆ ಹಾಕಿದೆ. (ಆ ಇಡೀ ದಿನದಲ್ಲಿ ನಾನು ಓಡಿದ್ದು ಅದೊಂದೇ ಸಲ.) 2025ರ ಜುಲೈನಲ್ಲಿ ಆ ಷೂ ಬಿಚ್ಚುವ ನಿಯಮ ತೆಗೆದಿದ್ದಾರೆ, ನಿನಗೆ ಅಷ್ಟು ಉಳಿಯಿತು.

ಕೆಲವರು ವೀಲ್‌ಚೇರ್ ಕೇಳು, ಸಾಲು ತಪ್ಪುತ್ತೆ ಅನ್ನುತ್ತಾರೆ. ನಡೆಯಲಾಗದವರಿಗೆ ಅದು ಬೇಕೇ ಬೇಕು. ದಿನಾ ಲಾಲ್‌ಬಾಗ್ ಸುತ್ತುವ ನೀವಿಬ್ಬರು ಕೇಳಿದರೆ ನನಗೆ ಸರಿ ಕಾಣುವುದಿಲ್ಲ, ನಿನ್ನಿಷ್ಟ.

ಇನ್ನೂ ಟಿಕೆಟ್ ಬದಲಿಸುವ ಮನಸ್ಸಿದ್ದರೆ ಅಬುಧಾಬಿ ದಾರಿಯನ್ನೂ ನೋಡು. 2014ರಿಂದ ಅಲ್ಲಿಯೇ ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಮುಗಿಸಿ ಕಳಿಸುತ್ತಾರೆ. ಷಿಕಾಗೋದಲ್ಲಿ ಇಳಿದಾಗ ನೀನು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದವನ ಹಾಗೆ ಸೀದಾ ನಡೆದು ಹೋಗಬಹುದು. ಅದರ ಬದಲು ಅಬುಧಾಬಿಯಲ್ಲಿ ಸಮಯ ಕೈಯಲ್ಲಿರಬೇಕು, ಅಷ್ಟೇ. ಅದು ಬೇಡವಾದರೆ ಈಗಿನ ಟಿಕೆಟ್ಟಿನಲ್ಲೇ ಮ್ಯಾಡಿಸನ್‌ನ ಸಂಜೆ ವಿಮಾನ ಕೊಡಿ ಅಂತ ಕೇಳು. ಮೂರೂವರೆ ಗಂಟೆ ಸಿಕ್ಕರೆ ಕಾಫಿ ಕುಡಿದು ಹೋಗಬಹುದು. ಇವತ್ತೇ ಫೋನ್ ಮಾಡು, ನಾಳೆ ಅನ್ನಬೇಡ.

ಅಂದಹಾಗೆ, ಅವತ್ತು ನಾವು ಅಕ್ಕನ ಮನೆ ಸೇರಿದಾಗ ರಾತ್ರಿ ಒಂಬತ್ತೂವರೆ ದಾಟಿತ್ತು. ಅಡುಗೆಮನೆಗೆ ಕಾಲಿಟ್ಟರೆ ಕಿಟಕಿಯಲ್ಲಿ ಒಂದು ಕುಂಡ, ಕುಂಡದಲ್ಲಿ ಸೊಂಪಾದ ಕರಿಬೇವಿನ ಗಿಡ. ನಾನು ಅಮ್ಮನ ಮುಖ ನೋಡಿದೆ. ಅವಳು ಏನೂ ಮಾತಾಡಲಿಲ್ಲ. ಹೋಗಿ ನಾಲ್ಕೆಲೆ ಕಿತ್ತು, ಕಣ್ಣಿಗೊತ್ತಿಕೊಂಡು, ಒಗ್ಗರಣೆಗೆ ಎಣ್ಣೆ ಎಲ್ಲಿದೆ ಅಂತ ಕೇಳಿದಳು.

ನಿನ್ನವ